ಕಿವಿಯ ಕಾಯಕ

ಮಾತನಾಡುವವರು ಹೆಚ್ಚಾಗಿ ಕೇಳುವವರು ಕಡಿಮೆಯಾದ ಕಾಲವಿದು ಎಂದು ನಾವು ಈ ಪುಟದಲ್ಲಿ ಹಿಂದೊಮ್ಮೆ ಬರೆದಿದ್ದೆವು. ಅದನ್ನೋದಿದ ಕಲಘಟಗಿ ಕಡೆಯ ಹಿರಿಯರೊಬ್ಬರು ನಮಗೊಂದು ಪತ್ರ ಬರೆದು, “ಮೂವತ್ತು ವರ್ಷ ಮೈಕಿನ ಮುಂದೆ ಮಾತನಾಡಿಯೇ ಅನ್ನ ಉಂಡವರು ನೀವು. ಕೇಳುವುದರ ಮಹಿಮೆಯನ್ನು ನೀವೇ ಹೇಳಿದರೆ ಹೇಗೆ?” ಎಂದು ವಿನೋದವಾಗಿ ಪ್ರಶ್ನಿಸಿದ್ದಾರೆ. ಪ್ರಶ್ನೆ ವಿನೋದದ್ದಾದರೂ ಅದಕ್ಕೆ ಉತ್ತರ ಕೊಡುವುದು ನಮ್ಮ ಹೊಣೆ. ಉತ್ತರ ಕೊಡಹೊರಟಾಗ ನಾವು ಮಾಡಿದ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಇಷ್ಟು ವರ್ಷ ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

ನಾವು ಹುಟ್ಟಿದ್ದು ನವಲಗುಂದ ತಾಲೂಕಿನ ಎರೆಹೊಲಗಳ ನಡುವಿನ ಒಂದು ಸಣ್ಣ ಹಳ್ಳಿಯಲ್ಲಿ. ಊರಿಗೆಲ್ಲ ಇದ್ದ ರೇಡಿಯೋ ಒಂದೇ, ಅದು ಪಂಚಾಯಿತಿಯದು. ಧಾರವಾಡದಲ್ಲಿ ಆಕಾಶವಾಣಿ ನಿಲಯವು ಆರಂಭವಾದದ್ದು 1950ರ ಜನವರಿ 8ರಂದು. ನಮಗೆ ಬುದ್ಧಿ ಬರುವ ಹೊತ್ತಿಗೆ ಆ ನಿಲಯದ ದನಿಯು ನಮ್ಮ ಚಾವಡಿಯ ಕಟ್ಟೆಯನ್ನು ತಲುಪಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿರಿಯರು ಕಂಬಳಿ ಹೊದ್ದು ಬಂದು ಕುಳಿತು ಪೇಟೆಯ ಧಾರಣೆಯನ್ನೂ ಮಳೆಯ ಸುದ್ದಿಯನ್ನೂ ಕೇಳುತ್ತಿದ್ದರು. ಮಲ್ಲಿಕಾರ್ಜುನ ಮನಸೂರರ ಕಂಠದಲ್ಲಿ ವಚನವೊಂದು ತೇಲಿಬಂದರೆ ಎಲೆಯಡಿಕೆ ಮೆಲ್ಲುವ ಬಾಯಿಗಳೂ ನಿಲ್ಲುತ್ತಿದ್ದವು.

ಆದರೆ ಹುಡುಗರಾದ ನಮ್ಮ ಚಿತ್ತವಿದ್ದದ್ದು ಧಾರವಾಡದ ಮೇಲಲ್ಲ, ಸಿಲೋನಿನ ಮೇಲೆ. ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಬಿದ್ದ ಕಾಲಕ್ಕೆ ರೇಡಿಯೋ ಸಿಲೋನ್ ಆ ಗೀತೆಗಳಿಗೆ ಬಾಗಿಲು ತೆರೆದಿತ್ತು. 1952ರ ಡಿಸೆಂಬರ್ 3ರಂದು ಅಲ್ಲಿ ‘ಬಿನಾಕಾ ಗೀತಮಾಲಾ’ ಪ್ರಾರಂಭವಾಯಿತು. ಅದನ್ನು ನಡೆಸಿಕೊಡುತ್ತಿದ್ದವರು ಅಮೀನ್ ಸಯಾನಿ. ಮೊದಲನೆಯ ಕಾರ್ಯಕ್ರಮಕ್ಕೇ ಒಂಬತ್ತು ಸಾವಿರ ಪತ್ರಗಳು ಬಂದವೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಬುಧವಾರ ರಾತ್ರಿ ಎಂಟಕ್ಕೆ ಅವರ ದನಿ ಕೇಳಲೆಂದು ನಾವು ಮೂವರು ಗೆಳೆಯರು ಮೂರು ಮೈಲಿ ನಡೆದು ಅಣ್ಣಿಗೇರಿಗೆ ಹೋಗುತ್ತಿದ್ದೆವು. ಈಗ ತಾನೇ ಒಂದು ತಾಲೂಕಾಗಿರುವ ಅಣ್ಣಿಗೇರಿ ಆಗ ನವಲಗುಂದ ತಾಲೂಕಿಗೇ ಸೇರಿತ್ತು. ಅಲ್ಲಿಯ ಒಂದು ದಲಾಲಿ ಅಂಗಡಿಯಲ್ಲಿ ಹತ್ತಿಯ ಅಂಡಿಗೆಗಳ ಹಿಂದೆ ನಿಂತು, ಕಿರುತರಂಗದ ಅಲೆಯಲ್ಲಿ ಏರುತ್ತ ಇಳಿಯುತ್ತ ಬರುವ ಆ ದನಿಗೆ ಕಿವಿಗೊಡುತ್ತಿದ್ದೆವು. ಅವರು ಸಹೋದರರಿಗಿಂತ ಮೊದಲು ಸಹೋದರಿಯರನ್ನು ಕರೆದು ಮಾತು ಆರಂಭಿಸುತ್ತಿದ್ದರು. ಕಾಣದ ಕೇಳುಗರನ್ನು ಮನೆಯವರೆಂದು ಬಗೆದು ಕರೆಯುವ ಆ ಬಗೆ ನಮ್ಮನ್ನು ಮರುಳು ಮಾಡಿತ್ತು. ಒಂದು ವರ್ಷವಿಡೀ ವಾರಕ್ಕೊಂದು ಕಾರ್ಡನ್ನು ಹಿಂದಿ ಮಾಸ್ತರರಿಂದ ತಿದ್ದಿಸಿ ಕಳುಹಿಸಿದೆವು. ನಮ್ಮ ಹೆಸರು ಒಮ್ಮೆಯೂ ಬರಲಿಲ್ಲ.

ಕತ್ತಲಲ್ಲಿ ಮರಳಿ ಬಂದ ಒಂದು ರಾತ್ರಿ ತಂದೆಯವರು ಬಾಗಿಲಲ್ಲಿಯೇ ನಿಂತಿದ್ದರು. ಬೈಯಲಿಲ್ಲ. “ಸಿಲೋನದಾಗ ಯಾರೋ ಏನೋ ಅಂದದ್ದು ನಿನಗ ಕೇಳಸ್ತೈತಿ. ಹಿತ್ತಲದಾಗ ನಿಮ್ಮವ್ವ ನಾಕ ಸರ್ತಿ ಕರದದ್ದು ಕೇಳಸೂದಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮಾತಿನ ಪೂರ್ಣಾರ್ಥ ನಮಗೆ ಆಗ ಆಗಲಿಲ್ಲ.

ಹರೆಯದ ಅಭಿಮಾನವನ್ನು ಹುಚ್ಚು ಎಂದು ತೆಗೆದುಹಾಕುವ ಹಿರಿಯರ ಗುಂಪಿಗೆ ನಾವು ಸೇರಿದವರಲ್ಲ. ನಮ್ಮ ನೆಲದ ಕೀರ್ತಿಯು ಜಗತ್ತಿಗೆಲ್ಲ ಹಬ್ಬಿದ್ದೇ ಅಂಥದೊಂದು ಹುಚ್ಚಿನಿಂದ. ಅಂದಿನ ಧಾರವಾಡ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಂಗಡಿಯೊಂದರ ಗ್ರಾಮಾಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯನ್ನು ಕೇಳಿದರು. ಹಾಡಿದರೆ ಹೀಗೆ ಹಾಡಬೇಕು ಎಂಬುದೊಂದೇ ಮನಸ್ಸಿನಲ್ಲಿ ಉಳಿಯಿತು. 1933ರಲ್ಲಿ, ಹನ್ನೊಂದರ ಎಳೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟರು. ಗ್ವಾಲಿಯರ್ ಮೊದಲಾದ ಊರುಗಳನ್ನು ಅಲೆದು ಜಲಂಧರವನ್ನು ಮುಟ್ಟಿದರು. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಸಮೀಪವೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಅಲೆಯುತ್ತೀ ಎಂದು ತಿಳಿಹೇಳಿದರಂತೆ. ಸವಾಯಿ ಗಂಧರ್ವರು, ಎಂದರೆ ಕುಂದಗೋಳದ ರಾಮಚಂದ್ರರಾಯರು, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? 1936ರಲ್ಲಿ ಕುಂದಗೋಳದ ಗುರುಗಳ ಮನೆಯಲ್ಲಿ ಅವರ ಶಿಷ್ಯವೃತ್ತಿ ಮೊದಲಾಯಿತು. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾದಾಗ ನಮಗೆ ನೆನಪಾದದ್ದು ಆ ಅಂಗಡಿಯ ಮುಂದೆ ನಿಂತ ಬಾಲಕ.

ಗಂಗೂಬಾಯಿ ಹಾನಗಲ್ಲರ ಕಥೆಯೂ ಇದರ ಸೋದರಿಯೇ. ಬಾಲ್ಯದಲ್ಲಿ ಬೀದಿಯ ಗ್ರಾಮಾಫೋನಿನ ದನಿ ಕೇಳಿದೊಡನೆ ಓಡಿಹೋಗಿ ನಿಲ್ಲುತ್ತಿದ್ದವರು ಮುಂದೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಅದೇ ಗುರುಗಳ ಬಳಿ ಕಲಿತರು. ಇವರಿಬ್ಬರ ಅಭಿಮಾನವೂ ಕೇಳಿ ತಲೆದೂಗುವುದರಲ್ಲಿ ಮುಗಿಯಲಿಲ್ಲ, ದುಡಿಮೆಯಾಗಿ ಮಾರ್ಪಟ್ಟಿತು. ಅಭಿಮಾನವು ಕಾಯಕವಾದರೆ ಮಾತ್ರ ಅದಕ್ಕೆ ಬೆಲೆ. ಬರಿಯ ಆರಾಧನೆಯಾಗಿ ಉಳಿದರೆ ಅದು ಎಣ್ಣೆಯಿಲ್ಲದ ಪಣತಿ.

ನಮ್ಮ ಅಭಿಮಾನವು ನಮ್ಮನ್ನು ಬಾನುಲಿಯ ಕೆಲಸಕ್ಕೆ ತಂದು ನಿಲ್ಲಿಸಿತು. ಮೊದಲ ದಿನಗಳಲ್ಲಿ ನಾವು ಅಮೀನ್ ಸಯಾನಿಯವರ ದನಿಯನ್ನೇ ಕನ್ನಡದಲ್ಲಿ ಅನುಕರಿಸಲು ಹೆಣಗಿದೆವೆಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ನಮ್ಮ ಮೊತ್ತಮೊದಲ ಸಂದರ್ಶನ ಜಯಧರ ಹತ್ತಿ ಬೆಳೆದ ಒಬ್ಬ ರೈತರದು. ಕೃಷಿಯ ಸರ್ವತೋಮುಖ ಅಭಿವೃದ್ಧಿ, ಸುಧಾರಿತ ಬೇಸಾಯ ಪದ್ಧತಿ, ಗ್ರಾಮೀಣ ಅರ್ಥವ್ಯವಸ್ಥೆ ಎಂದೆಲ್ಲ ಎರಡು ನಿಮಿಷ ಏರುದನಿಯಲ್ಲಿ ಪ್ರಶ್ನೆ ಕೇಳಿ ಮೈಕನ್ನು ಅವರತ್ತ ಚಾಚಿದೆವು. ಆ ಪುಣ್ಯಾತ್ಮರು, “ಹೌದ್ರಿ. ಎಲ್ಲಾ ನೀವ ಹೇಳಿಬಿಟ್ರೆಲ್ಲ!” ಎಂದರು. ಸುತ್ತ ನೆರೆದವರು ನಕ್ಕರು. ಪ್ರಶ್ನೆ ಚಿಕ್ಕದಿರಬೇಕು ಎಂಬ ಪಾಠವನ್ನು ನಮಗೆ ಯಾವ ತರಬೇತಿಯೂ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ಇನ್ನೊಂದು ಪಾಠ ಕಲಘಟಗಿಯಲ್ಲಿ ದೊರೆಯಿತು. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಹಾಕಿ ಪುರಾಣದ ಚಿತ್ರಗಳನ್ನು ಬರೆದು ಮಾಡುವ ಕಲಘಟಗಿಯ ತೊಟ್ಟಿಲನ್ನು ಬಲ್ಲದ ಮನೆ ನಮ್ಮ ಭಾಗದಲ್ಲಿಲ್ಲ. ಅದನ್ನು ಮಾಡುವ ಹಿರಿಯ ಕುಶಲಿಯೊಬ್ಬರನ್ನು ಗೋಡೆಗೆ ಒರಗಿಸಿ ಕೂಡಿಸಿ ಹತ್ತು ಪ್ರಶ್ನೆ ಕೇಳಿದೆವು. ಹತ್ತಕ್ಕೂ ಹೌದು, ಅಲ್ಲ ಎಂಬ ಉತ್ತರ. ಬೇಸತ್ತು ಯಂತ್ರ ನಿಲ್ಲಿಸಿ ಚಹಾ ಕುಡಿಯುತ್ತ ಕುಳಿತಾಗ ಅವರು ಎದ್ದು ಅರ್ಧ ಬಿಟ್ಟ ಕೆಲಸಕ್ಕೆ ಕೈ ಹಚ್ಚಿದರು. ಕೈ ಆಡತೊಡಗಿದೊಡನೆ ನಾಲಗೆಯೂ ಆಡಿತು. ಯಾವ ಬಣ್ಣ ಮೊದಲು, ಯಾವುದು ಆಮೇಲೆ, ತಮ್ಮ ತಂದೆ ಕೈಗೆ ಹೊಡೆದು ಕಲಿಸಿದ್ದು ಯಾವುದು, ಎಲ್ಲವನ್ನೂ ಕೇಳದೆಯೇ ಹೇಳಿದರು. ದುಡಿಯುವವನನ್ನು ಅವನ ದುಡಿಮೆಯಿಂದ ಬಿಡಿಸಿ ಕೂಡಿಸಿದರೆ ಅವನು ಮೂಕನಾಗುತ್ತಾನೆಂದು ಅಂದು ಅರಿತೆವು.

ಪ್ರಶ್ನೆ ಕೇಳುವ ವಿದ್ಯೆಯು ನಮ್ಮವರಿಗೆ ಹೊಸದೇನಲ್ಲ. ಶರಣರ ಅನುಭಾವವನ್ನು ಸಂವಾದದ ರೂಪದಲ್ಲಿ ಜೋಡಿಸಿಟ್ಟ ‘ಶೂನ್ಯಸಂಪಾದನೆ’ಯನ್ನು ಓದಿದವರು ಇದನ್ನು ಬಲ್ಲರು. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕೇಳುವ ಪ್ರಶ್ನೆಗಳು ಎಷ್ಟು ಕಠೋರ! ಆದರೆ ಅವು ಅಕ್ಕನನ್ನು ಕುಗ್ಗಿಸಲು ಕೇಳಿದವಲ್ಲ, ಆಕೆಯ ನಿಲವು ಎಲ್ಲರಿಗೂ ತೋರಲೆಂದು ಕೇಳಿದವು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುವ ಮುಕ್ತಾಯಕ್ಕನ ಮುಂದೆ ನಿಂತಾಗಲೂ ಪ್ರಭುದೇವರು ಕೈಬಿಡದೆ ಮಾತನ್ನು ಮುಂದುವರಿಸುತ್ತಾರೆ. ಎದುರಿಗಿದ್ದವರು ತಮ್ಮೊಳಗನ್ನು ತಾವೇ ಕಾಣುವಂತೆ ಮಾಡುವುದು ನಿಜವಾದ ಪ್ರಶ್ನೆ. ದೂರದರ್ಶನದ ಚರ್ಚೆಗಳಲ್ಲಿ ಒಬ್ಬರ ಮೇಲೊಬ್ಬರು ಕೂಗುವುದನ್ನು ಕಂಡಾಗಲೆಲ್ಲ ನಮಗೆ ಈ ಸಂವಾದಗಳು ನೆನಪಾಗುತ್ತವೆ.

ಇಷ್ಟನ್ನು ಬಲ್ಲವರಾಗಿಯೂ ನಾವು ತಪ್ಪಿದೆವು. ಅದನ್ನೀಗ ಹೇಳುತ್ತೇವೆ.

1978ರ ಸುಮಾರಿಗೆ ಬೆಣ್ಣೆಹಳ್ಳದ ದಂಡೆಯ ಒಂದು ಊರಿನಲ್ಲಿ ಬೀಸುವ ಪದಗಳನ್ನು ಹಾಡುವ ಒಬ್ಬ ಮುದುಕಿಯನ್ನು ಕಂಡೆವು. ಮೈಕು ಹಿಡಿದು ಹಾಡಲು ಕೇಳಿದರೆ, “ಬೀಸುಕಲ್ಲ ಇಲ್ಲದ ಹಾಡ ಬರೂದಿಲ್ಲೋ ಯಪ್ಪಾ” ಎಂದಳು. ಜೋಳ ತರಿಸಿ, ಕಲ್ಲಿನ ಮುಂದೆ ಕುಳಿತು, ಗೂಟ ಹಿಡಿದು ತಿರುವುತ್ತ ಹಾಡತೊಡಗಿದಳು. ಒಂದು ತಾಸು ಧ್ವನಿಮುದ್ರಣವಾಯಿತು. ನಡುನಡುವೆ ತನ್ನ ಬದುಕನ್ನೂ ಹೇಳಿಕೊಂಡಳು. ಎಳೆಯದರಲ್ಲಿಯೇ ತೀರಿಹೋದ ಒಬ್ಬ ಮಗಳ ಹೆಸರು ಹೇಳಿ, ಆ ಮಗುವಿಗಾಗಿ ತಾನೇ ಕಟ್ಟಿದ ಎರಡು ನುಡಿಗಳನ್ನು ಹಾಡಿ, ಮೂರನೆಯದಕ್ಕೆ ದನಿ ಬಾರದೆ ನಿಲ್ಲಿಸಿದಳು. ಕಲ್ಲು ಮಾತ್ರ ಸ್ವಲ್ಪ ಹೊತ್ತು ತಿರುಗುತ್ತಲೇ ಇತ್ತು.

ನಮಗೆ ಬೇಕಾಗಿದ್ದದ್ದು ಹನ್ನೆರಡು ನಿಮಿಷಗಳ ಕಾರ್ಯಕ್ರಮ. ಆಗ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟುಪಟ್ಟಿ ಹಚ್ಚಿ ಕೂಡಿಸುತ್ತಿದ್ದೆವು. ಕಲ್ಲಿನ ಸದ್ದು ದೋಷವೆಂದು ಬಗೆದು, ಅದು ಕಡಿಮೆ ಇದ್ದ ಎರಡು ಹಾಡುಗಳನ್ನು ಆರಿಸಿಕೊಂಡೆವು. ಮಗುವಿನ ಹಾಡು ಪೂರ್ಣವಿಲ್ಲವೆಂದು ಬಿಟ್ಟೆವು. ಟೇಪು ದುಬಾರಿಯಾಗಿದ್ದ ಆ ಕಾಲದಲ್ಲಿ ಒಂದನ್ನೇ ಮತ್ತೆ ಮತ್ತೆ ಅಳಿಸಿ ಬಳಸುವುದು ವಾಡಿಕೆ. ಉಳಿದದ್ದನ್ನು ನಾವು ನಮ್ಮ ಕೈಯಿಂದಲೇ ಅಳಿಸಿ, ಅದರ ಮೇಲೆ ಬೇರೇನನ್ನೋ ಮುದ್ರಿಸಿಕೊಂಡೆವು. ಏನನ್ನು ಎಂಬುದು ಕೂಡ ಇಂದು ನೆನಪಿಲ್ಲ. ಯಾರೂ ನಮಗೆ ಅಳಿಸೆಂದು ಹೇಳಿರಲಿಲ್ಲ, ಇಡಬೇಕೆಂದು ನಮಗೆ ತೋಚಲಿಲ್ಲ, ಅಷ್ಟೇ.

ಇದಾಗಿ ನಾಲ್ಕು ದಶಕಗಳು ಉರುಳಿದವು. ನಾವು ನಿವೃತ್ತರಾದೆವು. ‘ಗೀತಮಾಲಾ’ 1989ರಲ್ಲಿ ವಿವಿಧ ಭಾರತಿಗೆ ಬಂದು, 1994ರವರೆಗೆ ನಡೆದು ನಿಂತಿತು. 2024ರ ಫೆಬ್ರವರಿ 20ರಂದು ಅಮೀನ್ ಸಯಾನಿಯವರು 91ನೆಯ ವಯಸ್ಸಿನಲ್ಲಿ ತೀರಿಕೊಂಡರೆಂಬ ಸುದ್ದಿ ಕೇಳಿ ಅಂದು ರಾತ್ರಿ ನಾವು ಊಟ ಮಾಡಲಿಲ್ಲ. ಅದಾದ ಕೆಲವೇ ತಿಂಗಳಲ್ಲಿ ಕಾಲೇಜು ಓದುವ ಒಬ್ಬ ಹುಡುಗಿ ನಮ್ಮ ಮನೆಯನ್ನು ಹುಡುಕಿಕೊಂಡು ಬಂದಳು. ತಾನು ‘ಪಾಡ್‌ಕಾಸ್ಟ್’ ಮಾಡುತ್ತೇನೆಂದು ಹೇಳಿಕೊಂಡಳು.

ಹಿರಿಯ ಓದುಗರಲ್ಲಿ ಈ ಹೆಸರನ್ನು ಅರಿಯದವರಿರಬಹುದು. ಧ್ವನಿಮುದ್ರಿಸಿದ ಮಾತುಕತೆಯನ್ನು ಅಂತರ್ಜಾಲದಲ್ಲಿ ಇಟ್ಟರೆ, ಬೇಕಾದವರು ಬೇಕಾದ ಹೊತ್ತಿಗೆ ತಮ್ಮ ಮೊಬೈಲಿನಲ್ಲಿ ಕೇಳಿಕೊಳ್ಳುತ್ತಾರೆ. ಅದೇ ಪಾಡ್‌ಕಾಸ್ಟ್. 2004ರಲ್ಲಿ ಬೆನ್ ಹ್ಯಾಮರ್‌ಸ್ಲಿ ಎಂಬ ಇಂಗ್ಲೆಂಡಿನ ಪತ್ರಕರ್ತರು ‘ಗಾರ್ಡಿಯನ್’ ಪತ್ರಿಕೆಯ ಲೇಖನದಲ್ಲಿ ಈ ಶಬ್ದವನ್ನು ಬಳಸಿದರು. ಪ್ರಸಾರದ ವೇಳೆಯೆಂಬುದಿಲ್ಲ, ಹನ್ನೆರಡು ನಿಮಿಷವೆಂಬ ಕಟ್ಟಿಲ್ಲ. ದೊಡ್ಡ ನಿಲಯವೂ ಬೇಕಿಲ್ಲ. ಆದರೆ ಇದು ತೀರ ಹೊಸತೆಂದು ನಾವು ಬೆರಗಾಗಬೇಕಿಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ್ದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಮನೆಯ ನಿಲಯದಿಂದಲೇ.

ಆ ಹುಡುಗಿ ದೂರದೇಶದ ಯಾರ ಯಾರದೋ ಪಾಡ್‌ಕಾಸ್ಟುಗಳನ್ನು ಕೇಳಿ ಕೇಳಿ, ಅವರ ಅಭಿಮಾನದಿಂದಲೇ ಈ ಕೆಲಸಕ್ಕೆ ಇಳಿದವಳು. ಅವಳ ಕಣ್ಣಿನಲ್ಲಿ ನಾವು ಅಣ್ಣಿಗೇರಿಯ ದಲಾಲಿ ಅಂಗಡಿಯನ್ನು ಕಂಡೆವು. ಆದರೆ ಅವಳು ಕೇಳಿದ ಮಾತು ನಮ್ಮ ಎದೆಯನ್ನು ಝಲ್ಲೆನಿಸಿತು. “ಅಜ್ಜಾರ, ನಮ್ಮ ಮುತ್ತಜ್ಜಿ ಬೀಸೂ ಪದಾ ನೀವು ತುಂಬಿಕೊಂಡು ಹೋಗಿದ್ರಂತ. ನಮ್ಮ ಅಪ್ಪಾ ಸಣ್ಣಾಂವ ಇದ್ದಾಗ ಬಾಜೂಕ ಕುಂತಿದ್ನಂತ. ಆ ದನಿ ನಿಮ್ಮ ಹಂತ್ಯಾಕ ಐತೇನ್ರಿ?”

ನಾವು ಇಲ್ಲವೆಂದೆವು. ಏಕಿಲ್ಲವೆಂಬುದನ್ನೂ ಮುಚ್ಚಿಡದೆ ಹೇಳಿದೆವು. ಅವಳು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡುತ್ತ ಕುಳಿತು, ಆಮೇಲೆ ಮೊಬೈಲನ್ನು ನಮ್ಮ ಮುಂದಿನ ದಿಂಬಿನ ಮೇಲಿಟ್ಟು, “ದನಿ ಇಲ್ಲಂದ್ರ ನೀವರ ಅದೀರೆಲ್ಲರಿ. ನೀವು ಕೇಳಿದ್ದು ಹೇಳ್ರಿ” ಎಂದಳು.

ನೂರಾರು ಜನರ ಮುಂದೆ ಮೈಕು ಹಿಡಿದ ನಮಗೆ, ಮೈಕಿನ ಆ ಕಡೆಗೆ ಕುಳಿತಾಗ ಬಾಯಿ ಒಣಗಿತು. ಅವಳು ಅವಸರ ಮಾಡಲಿಲ್ಲ. ನಾವು ತಡವರಿಸಿದಾಗ ಮಾತು ತುಂಬಿಕೊಡಲಿಲ್ಲ. ಸುಮ್ಮನೆ ಕಾಯ್ದಳು. ಆ ಮೌನದಲ್ಲಿ ಒಂದೊಂದಾಗಿ ಎಲ್ಲವೂ ತೇಲಿಬಂದವು. ಕಲ್ಲಿನ ಗೂಟವನ್ನು ಹಿಡಿದ ಕೈಯ ಹಸಿರು ಬಳೆ, ಹಿಟ್ಟು ಮೆತ್ತಿದ ಮೊಣಕೈ, ಕೆಮ್ಮು ಬಂದಾಗ ತಾನೇ ನಕ್ಕದ್ದು. ಕೊನೆಗೆ ಆ ತೀರಿಹೋದ ಮಗಳ ಹೆಸರೂ ಬಂದಿತು. ಹಾಡಿನ ನುಡಿಗಳು ಮಾತ್ರ ಎಷ್ಟು ತಡಕಿದರೂ ಬರಲಿಲ್ಲ.

ಹೆಸರು ಕೇಳಿ ಹುಡುಗಿ ತಲೆಯೆತ್ತಿದಳು. ಅಂಥದೊಂದು ಮಗು ಇತ್ತೆಂಬುದೇ ಅವರ ಮನೆಯಲ್ಲಿ ಈಗ ಯಾರಿಗೂ ತಿಳಿದಿರಲಿಲ್ಲ. ಆ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ, ಅದು ಆ ಮನೆಯ ಸೊತ್ತು. ಮರುದಿನ ಅವಳ ತಂದೆ ದೂರವಾಣಿ ಮಾಡಿ, “ನಮಗ ಒಬ್ಬಾಕಿ ಅತ್ತಿ ಇದ್ಲಂತ ನಿಮ್ಮಿಂದ ಗೊತ್ತಾತ್ರಿ” ಎಂದರು. ಮೂವತ್ತು ವರ್ಷಗಳಲ್ಲಿ ನಮಗೆ ಬಂದ ಯಾವ ಮೆಚ್ಚುಗೆಯೂ ನಮ್ಮನ್ನು ಹೀಗೆ ಸಂತೋಷಪಡಿಸಿರಲಿಲ್ಲ, ಹೀಗೆ ನಾಚಿಸಿಯೂ ಇರಲಿಲ್ಲ. ಕೇಳಿದ್ದರಿಂದ ಒಂದು ಹೆಸರು ಉಳಿಯಿತು, ಅಳಿಸಿದ್ದರಿಂದ ಒಂದು ಹಾಡು ಹೋಯಿತು. ತಂದೆಯವರು ಅಂದು ಬಾಗಿಲಲ್ಲಿ ಆಡಿದ ಮಾತಿನ ಅರ್ಥ ನಮಗೆ ಆಗಲು ಇಷ್ಟು ವರ್ಷ ಬೇಕಾಯಿತು.

ಓದುಗ ಬಂಧುಗಳು ಇಲ್ಲಿ ಫ.ಗು. ಹಳಕಟ್ಟಿಯವರನ್ನು ನೆನೆಯಬೇಕು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಆ ಮಹನೀಯರು ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದರು. ವಚನಗಳ ತಾಡೋಲೆಗಳು ಆಗ ಮನೆಮನೆಯ ಜಗುಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಪೂಜೆಗೊಳ್ಳುತ್ತಿದ್ದವು, ಓದುವವರಿರಲಿಲ್ಲ. ಅವರು ಅವನ್ನು ಅರಸುತ್ತ ಊರೂರು ಅಲೆದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಹೋಗದಿದ್ದ ಮನೆಗಳಲ್ಲಿ ಗೆದ್ದಲಿನ ಪಾಲಾದ ಓಲೆಗಳೆಷ್ಟೋ! ಇಂದು ನಮ್ಮ ಮನೆಮನೆಯ ಪಡಸಾಲೆಯಲ್ಲಿ ಕುಳಿತಿರುವ ಅಜ್ಜ ಅಜ್ಜಿಯರು ಅಂಥ ಓಲೆಗಳೇ. ನಾವೂ ಅವರ ಪಾದಕ್ಕೆ ಹಣೆ ಹಚ್ಚುತ್ತೇವೆ, ಅವರ ಮಾತು ಕೇಳುವುದಿಲ್ಲ.

ಆದುದರಿಂದ ನಮ್ಮ ಬಿನ್ನಹವಿಷ್ಟು. ಬರುವ ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಕೂಡಿದಾಗ ಹಿರಿಯರೊಬ್ಬರ ಮಾತನ್ನು ತುಂಬಿಕೊಳ್ಳಿರಿ. ಪಂಖೆಯನ್ನೂ ಟಿ.ವಿ.ಯನ್ನೂ ನಿಲ್ಲಿಸಿರಿ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಮಡಚಿದ ಬಟ್ಟೆಯ ಮೇಲೆ, ಅವರ ಬಾಯಿಗೆ ಒಂದು ಮೊಳದೊಳಗೆ ಇಡಿರಿ. ಮೊದಲಿಗೆ ದಿನಾಂಕವನ್ನೂ ಊರನ್ನೂ ಅವರ ಹೆಸರನ್ನೂ ಹೇಳಿರಿ. ‘ಇಂದಿನ ಯುವಕರಿಗೆ ನಿಮ್ಮ ಸಂದೇಶವೇನು’ ಎಂದು ಕೇಳಬೇಡಿರಿ. ‘ನೀವು ಮೊದಲ ಸಲ ಈ ಮನೆಗೆ ಬಂದ ದಿನ ಏನು ಅಡಿಗೆ ಮಾಡಿದ್ದರು’ ಎಂದು ಕೇಳಿರಿ. ಅವರ ಕೈಗೆ ಸೊಪ್ಪು ಸೋಸುವುದೋ ಬತ್ತಿ ಹೊಸೆಯುವುದೋ ಒಂದು ಕೆಲಸ ಕೊಡಿರಿ. ಅವರು ನಿಂತರೆ ನೀವೂ ನಿಲ್ಲಿರಿ, ಮೌನವನ್ನು ತುಂಬಲು ಹೋಗಬೇಡಿರಿ. ಹೇಳಲೊಲ್ಲದ್ದನ್ನು ಕೆದಕಬೇಡಿರಿ, ಅವರನ್ನು ಕೇಳದೆ ಊರಿಗೆಲ್ಲ ಹಂಚಬೇಡಿರಿ. ತುಂಬಿಕೊಂಡದ್ದನ್ನು ಎರಡು ಕಡೆ ಇಡಿರಿ. ಕೆಮ್ಮು, ನಗೆ, ಕಲ್ಲಿನ ಸದ್ದು ಯಾವುದನ್ನೂ ಅಳಿಸಬೇಡಿರಿ. ಮುಂದಿನವರಿಗೆ ಯಾವುದು ಬೇಕಾದೀತೆಂದು ಇಂದಿನ ನಾವು ಹೇಳಲಾರೆವು.

ಕಿರಿಯರಿಗೆ ಒಂದು ಮಾತು. ದೂರದವರ ಅಭಿಮಾನಿಗಳಾಗಿರಿ, ಬೇಡವೆನ್ನುವುದಿಲ್ಲ. ನಾವೂ ಸಿಲೋನಿನವರೆಗೆ ಹೋಗಿ ಬಂದವರೇ. ಆದರೆ ಜಲಂಧರದ ದಾರಿಯೂ ಕೊನೆಗೆ ಕುಂದಗೋಳಕ್ಕೆ ತಿರುಗಿತೆಂಬುದನ್ನು ಮರೆಯಬೇಡಿರಿ.

ಕಲಘಟಗಿಯ ಹಿರಿಯರಿಗೆ ನಮ್ಮ ಉತ್ತರವೂ ಇದೇ. ಮಾತನಾಡಿ ಅನ್ನ ಉಂಡೆವು, ನಿಜ. ಆದರೆ ಉಂಡ ಅನ್ನದ ಋಣ ತೀರುವುದು ಕೇಳಿದ್ದರಿಂದ. ಆ ಹುಡುಗಿ ಈಗ ತಿಂಗಳಿಗೊಮ್ಮೆ ಬರುತ್ತಾಳೆ. ಮುತ್ತಜ್ಜಿಯ ಬೀಸುಕಲ್ಲು ಅವರ ಹಿತ್ತಲಿನಲ್ಲಿ ಇನ್ನೂ ಇದೆಯಂತೆ. ಮುಂದಿನ ಸಲ ನಾವೇ ಅಲ್ಲಿಗೆ ಹೋಗಬೇಕೆಂದಿದ್ದೇವೆ. ಕಲ್ಲಿನ ಸದ್ದು ಕಿವಿಗೆ ಬಿದ್ದರೆ ಆ ಎರಡು ನುಡಿಗಳು ನೆನಪಾದಾವೋ ಏನೋ.